ಸಹಾಯ ಬೇಕು: ಕೆಂಡದ ಮೇಲೆ ಒಡೆಯದ ಕುರಿಮಾಂಸದ ಬರ್ಗರ್

ಆತ್ಮೀಯರೇ, ಏಪ್ರಿಲ್ ಕೊನೆಯ ಭಾನುವಾರ ವಿರಾಜಪೇಟೆ ಸಮೀಪದ ನಮ್ಮ ಮನೆಯ ಅಂಗಳದಲ್ಲಿ, ರಜೆಗೆ ಬರುವ 20 ಮಂದಿ ನೆಂಟರಿಗೆ ಕೆಂಡದ ಮೇಲೆ ಸುಟ್ಟ ಕುರಿಮಾಂಸದ ಬರ್ಗರ್ ಬಡಿಸಬೇಕೆಂದಿದ್ದೇನೆ. ಕಳೆದ ವಾರ ಒಂದು ಕೆ.ಜಿ. ಕೈಮಾಕ್ಕೆ ಹುರಿದು ಪುಡಿ ಮಾಡಿದ ಜೀರಿಗೆ, ಕೊತ್ತಂಬರಿ, ನಮ್ಮ ತೋಟದ ಕರಿಮೆಣಸು, ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಗೂ ಒಂದು ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಬೆರೆಸಿ ಮಾಡಿ ನೋಡಿದಾಗ, ಪರಿಮಳ ಮನಸ್ಸಿಗೆ ಒಪ್ಪಿತಾದರೂ ಮಗುಚುವಾಗ ಬಿಲ್ಲೆಗಳು ಒಡೆದು ಕೆಂಡಕ್ಕೆ ಬಿದ್ದವು. ಈರುಳ್ಳಿಯ ನೀರು ಹಿಂಡದಿದ್ದುದು ಕಾರಣವೋ, ಹುಳಿಯನ್ನು ಮೊದಲೇ ಸೇರಿಸಿದ್ದೋ, ಅಂಗಡಿಯಲ್ಲಿ ಕೊಬ್ಬನ್ನೆಲ್ಲ ತೆಗೆಸಿದ್ದೋ ತಿಳಿಯುತ್ತಿಲ್ಲ. ನನ್ನ ಅನುಮಾನ ಕೊಬ್ಬಿನ ಮೇಲೆಯೇ ಹೆಚ್ಚು. ಮೊಟ್ಟೆ, ಬ್ರೆಡ್ ಪುಡಿ ಹಾಕಿದರೆ ಮಾಂಸದ ರುಚಿ ಮಂಕಾಗುವುದರಿಂದ ಅವು ಬೇಡ.

ಕೊಚ್ಚಿದ ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ತಲುಪಲೇಬೇಕಾದ್ದರಿಂದ ಅರೆಬೆಂದದ್ದನ್ನು ಇಳಿಸುವಂತಿಲ್ಲ. ಹೀಗಿರುವಾಗ, ರಸ ಆರದಂತೆ ಬೇಯಲು ಬಿಲ್ಲೆ ಎಷ್ಟು ದಪ್ಪವಿರಬೇಕೆಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಪುದೀನ, ಬೆಳ್ಳುಳ್ಳಿ, ಗಾಂಧಾರಿ ಮೆಣಸು ಸೇರಿಸಿ ಸಾಸ್ ಮಾಡುತ್ತೇನೆ. ಅದನ್ನು ಹಿಂದಿನ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿಟ್ಟರೆ ಬೆಳ್ಳುಳ್ಳಿಯ ಘಾಟು ಹೆಚ್ಚುವುದೇ?