ಡೇಟಿಂಗ್ ಆ್ಯಪ್‌ನ ಗಂಡಸರನ್ನು ನೋಡಿ ನಗಬಹುದಾ?

ಡೊಂಬಿವಲಿ ಹುಡುಗಿ:
ಆ್ಯಪ್‌ನಲ್ಲಿ ಸಿಕ್ಕ ಒಬ್ಬರನ್ನು ಮುಂಬೈಯ ಮಾಟುಂಗಾದ ಉಡುಪಿ ಹೋಟೆಲ್‌ನಲ್ಲಿ ಭೇಟಿಯಾದೆ. 'ನಮ್ಮದು ಅಳಿಯಕಟ್ಟು, ನಾನು ಹುಟ್ಟಾ ಸ್ತ್ರೀವಾದಿ' ಎಂದು ಪ್ರೊಫೈಲ್‌ನಲ್ಲಿ ಬರೆದುಕೊಂಡಿದ್ದರು. ಅಳಿಯಕಟ್ಟು ಅಂದರೆ ಹೆಣ್ಣಿನ ಕಡೆಯಿಂದ ವಂಶ, ಆಸ್ತಿ ನಡೆಯುವ ಪದ್ಧತಿ. ಭಲೇ ಅಂದುಕೊಂಡೆ. ನೀರುದೋಸೆ ಬರುವಷ್ಟರಲ್ಲಿ, 'ಮದುವೆ ಆದಮೇಲೂ ಕೆಲಸ ಮಾಡೋಕೆ ಪರ್ಮಿಷನ್ ಕೊಡ್ತೇನೆ' ಎಂದರು. ನಾನು ಕೇಳಿಯೇ ಇರಲಿಲ್ಲ! ಬಿಲ್ ಬಂತು. 'ಸಮಾನತೆ ಅಲ್ವಾ' ಎಂದು ಅರ್ಧ ಅರ್ಧ ಅಂದರು. ಸಂತೋಷ. ಅಷ್ಟಕ್ಕೇ ಬಿಡದೆ ಪೆನ್ನು ತೆಗೆದು ಬಿಲ್ಲಿನ ಹಿಂದೆ ಲೆಕ್ಕ ಶುರು ಮಾಡಿದರು. ನನ್ನದು ಎರಡು ಕಾಫಿ, ಅವರದು ಒಂದು. ಎಕ್ಸ್‌ಟ್ರಾ ಚಟ್ನಿ ಯಾರು ಕೇಳಿದ್ದು ಎಂದು ವೇಟರ್‌ನನ್ನು ಕರೆದು ವಿಚಾರಣೆ ಬೇರೆ.

ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಇದನ್ನು ಹೇಳಿದೆ. ಘಾಟ್ಕೋಪರ್‌ನಿಂದ ಠಾಣೆವರೆಗೂ ನಗು ನಿಲ್ಲಲಿಲ್ಲ. ಒಬ್ಬಳು ಮಾತ್ರ, 'ಗಂಡಸರ ಮೇಲೆ ಇಷ್ಟು ದ್ವೇಷ ಒಳ್ಳೇದಲ್ಲ' ಎಂದಳು. ಇದು ದ್ವೇಷವಾ?

ಪವಾಯಿ ಪ್ರಶ್ನೆ:
ದ್ವೇಷ ಅಲ್ಲ. ಆದರೆ ಈ ನಗುವಿನಿಂದ ಲಾಭ ಅವರಿಗೇ. 'ಪರ್ಮಿಷನ್' ಅಂದಾಗ ನೀವು ಏನಂದಿರಿ? ನಕ್ಕು ಕಾಫಿ ಕುಡಿದಿರಿ. ಅವರು ಮುಂದಿನ ವಾರ ಇನ್ನೊಬ್ಬಳಿಗೆ ಪರ್ಮಿಷನ್ ಕೊಡುತ್ತಾರೆ.

ಅಂದ ಹಾಗೆ, ಅಳಿಯಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತಾನಕ್ಕೆ ಹೋಗುತ್ತಿತ್ತು, ನಿಜ. ಯಜಮಾನಿಕೆ ಮಾತ್ರ ಎಷ್ಟೋ ಮನೆಗಳಲ್ಲಿ ಸೋದರಮಾವನ ಕೈಯಲ್ಲೇ ಇತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಮೇಲೆ ಆ ಕಟ್ಟೂ ಸಡಿಲವಾಯಿತು. ಅಜ್ಜಿಯ ಗದ್ದೆ ತೋರಿಸಿ ಮೊಮ್ಮಗ ಸ್ತ್ರೀವಾದಿ ಅನ್ನಿಸಿಕೊಳ್ಳೋದು ಹೇಗೆ?

ಮಾಟುಂಗಾ ಅಕ್ಕ:
ಪವಾಯಿ, ನೀನು ಹೇಳೋದು ಕೇಳೋಕೆ ಚೆನ್ನಾಗಿದೆ. ಗುರುತಿಲ್ಲದ ಗಂಡಸಿನ ಎದುರು ಕೂತವಳಿಗೆ ಅವನು ಯಾವಾಗ ಸಿಡಿಯುತ್ತಾನೋ ಗೊತ್ತಿರುತ್ತದಾ? ಎದುರಿಗೆ ನಗೋದು ಸುರಕ್ಷಿತವಾಗಿ ಮನೆ ಸೇರೋಕೆ. ಡಬ್ಬಿಯಲ್ಲಿ ನಗೋದು ಇನ್ನೊಬ್ಬಳಿಗೆ ಎಚ್ಚರ ಹೇಳೋಕೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

1961ರಲ್ಲೇ ವರದಕ್ಷಿಣೆ ನಿಷೇಧ ಕಾಯ್ದೆ ಬಂದಿತ್ತು. ನನ್ನನ್ನು ನೋಡೋಕೆ ಬಂದವರು ಆಮೇಲೂ 'ನಮಗೇನೂ ಬೇಡ, ನಿಮ್ಮ ಮಗಳಿಗೆ ಏನು ಹಾಕ್ತೀರೋ ನಿಮ್ಮಿಷ್ಟ' ಎನ್ನುತ್ತಿದ್ದರು. ಉಪ್ಪಿಟ್ಟು ತಿಂದು, ನನ್ನನ್ನು ನಡೆಸಿ ನೋಡಿ, ಕೈ ತೊಳೆದು ಹೊರಟರೆ ನಮ್ಮ ಚಾಳಿನ ಹೆಂಗಸರೆಲ್ಲ ಅಡುಗೆಮನೆಯಲ್ಲಿ ಸೇರುತ್ತಿದ್ದರು. ಹುಡುಗನ ಅಮ್ಮನ ನಡಿಗೆ, ಅಪ್ಪನ ಕೆಮ್ಮು, ಎಲ್ಲವನ್ನೂ ನಮ್ಮ ಚಿಕ್ಕಮ್ಮ ಮಾಡಿ ತೋರಿಸುತ್ತಿದ್ದರು. ಆ ನಗು ಇಲ್ಲದಿದ್ದರೆ ನಾನು ಮುಂದಿನ ಹುಡುಗನ ಎದುರು ಕೂರುತ್ತಲೇ ಇರಲಿಲ್ಲ.

ಹೋಟ್ಲು ಮನೆಯವನು:
ಪರ್ಮಿಷನ್ ಜೋಕಿಗೆ ನಾನೂ ನಕ್ಕೆ. ಆದರೆ ನಿಮ್ಮ ಗುಂಪುಗಳಲ್ಲಿ ಓಡಾಡುವ ಸ್ಕ್ರೀನ್‌ಶಾಟ್‌ಗಳಲ್ಲಿ ಅರ್ಧಕ್ಕರ್ಧ ಏನಿರುತ್ತದೆ? ತಪ್ಪು ಇಂಗ್ಲಿಷ್, ಬೈಕ್ ಮೇಲೆ ಕೂತ ಫೋಟೋ, ಕಪ್ಪು ಕನ್ನಡಕ. ನಮ್ಮಪ್ಪ ಹಗಲು ಹೋಟೆಲ್‌ನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತವರು. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ. ನಾನು ಯಾರಿಗೂ ಪರ್ಮಿಷನ್ ಕೊಟ್ಟಿಲ್ಲ. ಆದರೂ ನಗೆಪಾಟಲಾಗಿದ್ದೇನೆ. ಇದು ಯಾವ ಸ್ತ್ರೀವಾದ?

ಡೊಂಬಿವಲಿ ಹುಡುಗಿ:
ಅದು ಸ್ತ್ರೀವಾದ ಅಲ್ಲ, ಸುಮ್ನೆ ಕಾನ್ವೆಂಟ್ ಜಂಬ. ಸ್ಪೆಲಿಂಗ್ ತಪ್ಪಿದವನನ್ನು ನೋಡಿ ನಗುವವಳು ನಾಳೆ ನನ್ನ ಡೊಂಬಿವಲಿ ವಿಳಾಸ ನೋಡಿಯೂ ನಗುತ್ತಾಳೆ. ಈಗಲೇ 'ಅಷ್ಟು ದೂರಾನಾ' ಅನ್ನುವವರು ಬೇಕಾದಷ್ಟಿದ್ದಾರೆ. ನಾನು ಹೇಳಿದವರ ಇಂಗ್ಲಿಷ್ ಏಕ್‌ದಮ್ ಚೊಕ್ಕ. ನಗು ಬಂದದ್ದು ಅವರ ದೊಡ್ಡಸ್ತಿಕೆಗೆ.

ಪವಾಯಿ ಪ್ರಶ್ನೆ:
ಇದನ್ನು ಒಪ್ಪುತ್ತೇನೆ. ಮೊದಲು ಹೇಳಿದ್ದನ್ನು ಮಾತ್ರ ಬಿಡುವುದಿಲ್ಲ. ಮನೆ ಸೇರಿದಮೇಲೆ ಒಂದು ಸಾಲು ಬರೆದು ಕಳಿಸಬಹುದಲ್ಲ: 'ಕೆಲಸ ನನ್ನದು, ಪರ್ಮಿಷನ್ ನಿಮ್ಮದಲ್ಲ.' ಆಮೇಲೆ ಬ್ಲಾಕ್ ಮಾಡಿ, ಎಷ್ಟು ಬೇಕಾದರೂ ನಗಿ.

ಠಾಣೆ ತರಲೆ:
ನಾನು ಹುಡುಗೀನೇ, ಹೆಸರು ನೋಡಿ ಮೋಸ ಹೋಗಬೇಡಿ. 2014ರಲ್ಲಿ ಬಂಬಲ್ ಎಂಬ ಡೇಟಿಂಗ್ ಆ್ಯಪ್ ಬಂದದ್ದೇ ಹೆಣ್ಣೇ ಮೊದಲು ಮಾತಾಡಲಿ ಎಂದು. ಗಂಡು ಹೆಣ್ಣಿನ ಜೋಡಿ ಹೊಂದಿಕೆಯಾದರೆ, 24 ಗಂಟೆಯೊಳಗೆ ಅವಳು ಬರೆಯದಿದ್ದರೆ ಮುಗಿಯಿತು. ಕ್ರಾಂತಿ ಅಲ್ವಾ! ಅಲ್ಲಿ ಸಿಕ್ಕ ಒಬ್ಬನ ಟ್ರೆಕ್ಕಿಂಗ್ ಫೋಟೋ ನೋಡಿ ನಾನು ರಾಜಮಾಚಿ ಕೋಟೆಯ ಬಗ್ಗೆ ಒಂದು ಪ್ಯಾರಾ ಬರೆದೆ. ಉತ್ತರ: 'ಹ್ಮ್ಮ್'. ಆಫೀಸಿನಲ್ಲಿ ಮೀಟಿಂಗ್ ಶುರು ಮಾಡೋದೂ ನಾನೇ, ಇಲ್ಲೂ ನಾನೇ. 2024ರಲ್ಲಿ ನಿಯಮ ಸಡಿಲಿಸಿದರು. ಹೆಣ್ಣು ಒಂದು ಪ್ರಶ್ನೆ ಇಟ್ಟರೆ ಸಾಕು, ಗಂಡು ಉತ್ತರಿಸಿ ಮಾತು ಶುರು ಮಾಡಬಹುದು. ಈಗ 'ಹ್ಮ್ಮ್' ಮೊದಲೇ ಬರುತ್ತದೆ.

ಅವನಿಗೆ ನಾನು ಕೊಟ್ಟಿದ್ದು ಲೋಕಲ್ ಟ್ರೇನಿನ ಫೋರ್ತ್ ಸೀಟು, ಮೂವರ ಬೆಂಚಿನ ತುದಿಯಲ್ಲಿ ಹೇಗೋ ಕೂರುವ ಜಾಗ. ಅವನು ಕಿಟಕಿ ಕೇಳಿದ!

ಮುಲುಂಡ್ ಮಾವ:
ಮಕ್ಕಳೇ, ಹೆಂಗಸರೂ ಕಮ್ಮಿ ಇಲ್ಲ. ನನ್ನ ಮಗ ಐದಡಿ ಐದಿಂಚು. 'ಆರಡಿಗಿಂತ ಕಮ್ಮಿ ಇದ್ದರೆ ಬೇಡ' ಎಂದು ಹುಡುಗಿಯರು ಬರೆದಿರುತ್ತಾರಂತೆ. ಇದನ್ನು ನೋಡಿ ಯಾರು ನಗಬೇಕು?

ಹೋಟ್ಲು ಮನೆಯವನು:
ಮಾವ, ನಾನು ಐದಡಿ ನಾಲ್ಕು. ಮುಂದೆ ಬನ್ನಿ, ಒಟ್ಟಿಗೆ ಕೂರೋಣ.

ಮಾಟುಂಗಾ ಅಕ್ಕ:
ಎತ್ತರದ ಹುಚ್ಚು ನನಗೂ ಅರ್ಥವಾಗಲ್ಲ. ಧಾರಾಳವಾಗಿ ನಗಿ. ಆದರೆ ಭಾವ, ನಿಮ್ಮ ಮಗನ ಪ್ರೊಫೈಲ್‌ನಲ್ಲಿ 'ಬೆಳ್ಳಗಿರಬೇಕು' ಅಂತ ಇಲ್ಲ ತಾನೇ?

ಮುಲುಂಡ್ ಮಾವ:
ಅದು ಅವನ ಅಮ್ಮ ಬರೆದದ್ದು.