ಹಳೇ ಪೈಪರ್ ಕಬ್: ರೆಕ್ಕೆಯ ಸ್ಟ್ರಟ್ ಒಳಗಿನ ತುಕ್ಕು ಪತ್ತೆ ಮಾಡೋದು ಹೇಗೆ?

ಪ್ರಶ್ನೆ – ಹಳದಿರೆಕ್ಕೆ

ಅಮೆರಿಕದಲ್ಲಿ ನೋಂದಣಿಯಾದ 1941ರ ಪೈಪರ್ ಜೆ-3 ಕಬ್. ಮರದ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಒಳಗಿರುವ ತೊಲೆ), ಸೀಲ್ ಮಾಡದ ಹಳೇ ಉಕ್ಕಿನ ಸ್ಟ್ರಟ್‌ಗಳು (ರೆಕ್ಕೆಗೆ ಆಸರೆ ಕೊಡುವ ಓರೆ ಕಂಬಗಳು). ಕೆಲವು ವರ್ಷ ಫ್ಲೋಟ್ (ನೀರಿನ ಮೇಲೆ ಇಳಿಯಲು ಚಕ್ರದ ಬದಲು ಹಾಕುವ ತೇಲುಗಳು) ಮೇಲೆ ಹಾರಿದೆ ಅಂತ ಲಾಗ್‌ಬುಕ್‌ನಲ್ಲಿದೆ. ಹೊರಗಿನ ಬಣ್ಣ ಚೆನ್ನಾಗಿದೆ, ಎಲ್ಲೂ ಗುಳ್ಳೆ ಎದ್ದಿಲ್ಲ. ವಾರ್ಷಿಕ ತಪಾಸಣೆಯಲ್ಲಿ ರೆಕ್ಕೆ ಜೋಡಣೆಯ ಯಾವ್ಯಾವ ಭಾಗ ಬಿಚ್ಚಿ ನೋಡಬೇಕು? ಸ್ಟ್ರಟ್ ತಪಾಸಣೆ ಕಡ್ಡಾಯ ಮಾಡುವ ಅಮೆರಿಕದ ವಿಮಾನ ಸುರಕ್ಷತಾ ಆದೇಶ ಏ.ಡಿ. 2015-08-04ಕ್ಕೆ ಪಂಚ್ ಟೆಸ್ಟ್ (ಒತ್ತಿ ನೋಡುವ ಪರೀಕ್ಷೆ) ಸಾಕೋ, ಅಲ್ಟ್ರಾಸಾನಿಕ್ (ಶಬ್ದತರಂಗದಿಂದ ಗೋಡೆಯ ದಪ್ಪ ಅಳೆಯುವುದು) ಮಾಡಿಸಬೇಕೋ?

ಉತ್ತರ – ಫೋರ್ಕ್‌ಬೋಲ್ಟ್

ಬಣ್ಣ ನೋಡಿ ಧೈರ್ಯ ತಂದುಕೊಳ್ಳಬೇಡಿ. ಈ ಸ್ಟ್ರಟ್ ಟೊಳ್ಳು ಕೊಳವೆ. ಒಳಗೆ ಸೇರಿದ ನೀರು, ಚಳಿಯಲ್ಲಿ ಕಟ್ಟಿದ ಹನಿ, ಎಲ್ಲವೂ ಇಳಿದು ತಳದಲ್ಲಿ ನಿಲ್ಲುತ್ತೆ. ಅಲ್ಲಿಂದ ಗೋಡೆ ಒಳಮೈಯಿಂದ ತೆಳುವಾಗ್ತಾ ಬರುತ್ತೆ, ಹೊರಗೆ ಏನೂ ತೋರಿಸಿಕೊಳ್ಳಲ್ಲ. ಹಾರಾಟದಲ್ಲಿ ರೆಕ್ಕೆಯ ಎತ್ತುವ ಬಲದ ಬಹುಪಾಲನ್ನು ಹಿಡಿದಿರೋದು ಇದೇ ಕೊಳವೆ. ಕಿತ್ತರೆ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳುತ್ತೆ.

ಸ್ಟ್ರಟ್ ಬಿಚ್ಚಲೇಬೇಕು. ಒಂದು ಸಲಕ್ಕೆ ಒಂದೇ ಬದಿ. ಮೊದಲು ಸ್ಪಾರ್ ಕೆಳಗೆ ಮೆತ್ತೆ ಹಾಕಿದ ಸ್ಟ್ಯಾಂಡ್ ಕೊಡಿ, ಭಾರ ರೆಕ್ಕೆಗೆ ಹೊದಿಸಿದ ಬಟ್ಟೆಯ ಮೇಲೆ ಬೀಳಬಾರದು. ಫೋರ್ಕ್‌ನಲ್ಲಿ (ಸ್ಟ್ರಟ್ ತುದಿಗೆ ತಿರುಗಿಸಿ ಕೂರಿಸುವ ಕವಲು ತುಂಡು) ಹೊರಗೆ ಕಾಣುವ ಸ್ಕ್ರೂ ಎಳೆಗಳನ್ನು ಎಣಿಸಿ ಬರೆದುಕೊಳ್ಳಿ. ಹಿಂಬದಿಯ ಸ್ಟ್ರಟ್‌ನ ಫೋರ್ಕ್ ಒಂದು ಸುತ್ತು ಆಚೀಚೆಯಾದರೂ ವಾಷ್‌ಔಟ್ (ರೆಕ್ಕೆಯ ತುದಿಯ ತಿರುವು) ಬದಲಾಗಿ ವಿಮಾನ ಒಂದು ಕಡೆಗೆ ವಾಲುತ್ತೆ.

ಬಿಚ್ಚಿದ ಸ್ಟ್ರಟ್ ನೆಟ್ಟಗೆ ನಿಲ್ಲಿಸಿ, ಕೆಳಗೆ ಬಿಳಿ ಬಟ್ಟೆ ಹಾಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಕೆಂಪು ಪುಡಿ, ಚಕ್ಕೆ ಉದುರಿದರೆ ಉತ್ತರ ಸಿಕ್ಕಿತು. ಉದುರದಿದ್ದರೆ ಸ್ಟ್ರಟ್ ಚೆನ್ನಾಗಿದೆ ಅಂತಲ್ಲ. ತುಕ್ಕು ಗೋಡೆಗೆ ಕಚ್ಚಿಕೊಂಡಿರಬಹುದು.

ಆಮೇಲೆ ಪಂಚ್ ಟೆಸ್ಟ್: ಬಟ್ಟೆ ಪರೀಕ್ಷಿಸುವ ಮೌಲ್ ಟೆಸ್ಟರ್‌ನಿಂದ ಸ್ಟ್ರಟ್‌ನ ತಳದ 11 ಇಂಚಿನಲ್ಲಿ ಇಂಚಿಗೊಂದರಂತೆ, ಸ್ಕೇಲ್ 80 ತೋರಿಸುವವರೆಗೆ ಒತ್ತಬೇಕು. ಎಲ್ಲಿ ಒತ್ತಬೇಕು ಅನ್ನೋದು ಏ.ಡಿ.ಯಲ್ಲೇ ಇದೆ, ಅಂದಾಜಿನಲ್ಲಿ ಒತ್ತಬೇಡಿ. ಬೆರಳಿಗೆ ತಗ್ಗು ಸಿಕ್ಕಿದರೆ ಸ್ಟ್ರಟ್ ಬದಲಿಸಿ. ತಟ್ಟಿ ಸರಿಮಾಡೋದು, ಪುಟ್ಟಿ ತುಂಬೋದು ಖಂಡಿತ ಬೇಡ. ಪಾಸಾದರೆ ಒಳಗೆ ಅಗಸೆ ಎಣ್ಣೆ ಸುರಿದು, ಕೊಳವೆಯನ್ನು ಎಲ್ಲ ದಿಕ್ಕಿಗೂ ಉರುಳಿಸಿ, ಹೆಚ್ಚಿದ್ದನ್ನು ಬಸಿಯಿರಿ. 24 ತಿಂಗಳೊಳಗೆ ಮತ್ತೆ ಪರೀಕ್ಷೆ.

ಉತ್ತರ – ಗೇಜ್‌ಮಾಪಕ

ನಿಯಮಕ್ಕೆ ಎರಡರಲ್ಲಿ ಯಾವುದಾದರೂ ಒಂದು ಸಾಕು. ಫ್ಲೋಟ್ ಇತಿಹಾಸ ಇರೋದರಿಂದ ನಾನಾದರೆ ಅಲ್ಟ್ರಾಸಾನಿಕ್ ಅಂತಲೇ ಹೇಳ್ತೀನಿ. ಪಂಚ್ ಹೌದು ಅಥವಾ ಇಲ್ಲ ಅನ್ನುತ್ತೆ ಅಷ್ಟೆ, ಅಲ್ಟ್ರಾಸಾನಿಕ್ ಗೇಜ್ ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ಅಂಕಿ ಕೊಡುತ್ತೆ. ಕನಿಷ್ಠ ಮಿತಿ 0.024 ಇಂಚು. ಗೇಜ್ ಇಡುವ ಜಾಗದಲ್ಲಿ ಬಣ್ಣ ತೆಗೆಯಿರಿ. ಇಲ್ಲದಿದ್ದರೆ ಬಣ್ಣದ ದಪ್ಪವೂ ಸೇರಿ, ತೆಳುವಾದ ಗೋಡೆಯೂ ಪಾಸಾದಂತೆ ಕಾಣುತ್ತೆ. ಅಳತೆಗಳನ್ನು ಬರೆದಿಟ್ಟರೆ ಮುಂದಿನ ಸಲ ಎಷ್ಟು ಸವೆದಿದೆ ಅಂತಲೂ ಗೊತ್ತಾಗುತ್ತೆ.

ಫೋರ್ಕ್ ಮರೆಯಬೇಡಿ. ಅಲ್ಲಿನ ಚಿಂತೆ ತುಕ್ಕು ಒಂದೇ ಅಲ್ಲ, ಎಳೆಯ ಬುಡದಲ್ಲಿ ಏಳುವ ಬಿರುಕು. ಕತ್ತರಿಸಿ ಮಾಡಿದ ಹಳೇ ಎಳೆಯ ಫೋರ್ಕ್‌ಗಿಂತ ರೋಲ್ ಮಾಡಿದ ಎಳೆಯದು ಗಟ್ಟಿ. ಬರಿಗಣ್ಣಿನ ನೋಟ ಸಾಲದು, ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ (ಕಾಂತೀಯ ಪುಡಿಯಿಂದ ಸಣ್ಣ ಬಿರುಕು ಪತ್ತೆ ಮಾಡೋದು) ಮಾಡಿಸಿ.

ಹಳದಿರೆಕ್ಕೆ

ಅಲ್ಟ್ರಾಸಾನಿಕ್‌ಗೇ ಹೋಗ್ತೀನಿ. ಸ್ಪಾರ್ ಕಡೆ ಏನು ನೋಡಬೇಕು?

ಉತ್ತರ – ಸ್ಪ್ರೂಸ್

ಸ್ಟ್ರಟ್ ಬಂದು ಸೇರುವ ಉಕ್ಕಿನ ಪಟ್ಟಿಯ ಹತ್ತಿರ ಇನ್‌ಸ್ಪೆಕ್ಷನ್ ರಿಂಗ್ (ಬಟ್ಟೆಯಲ್ಲಿ ಒಳಗೆ ನೋಡಲು ಇಡುವ ಕಿಂಡಿಯ ಬಳೆ) ಇಲ್ಲದಿದ್ದರೆ ಹೊಸದಾಗಿ ಹಾಕಿಸಿ. ಬೋಲ್ಟ್ ಸುತ್ತ ಮರ ಕಪ್ಪಾಗಿದ್ದರೆ ಒದ್ದೆ ಮರಕ್ಕೆ ಕಬ್ಬಿಣ ತಾಗಿದ ಗುರುತು. ಅಂಥಲ್ಲಿ ಬೋಲ್ಟ್ ಹೊರತೆಗೆಯಿರಿ, ಯಾಕಂದ್ರೆ ಕೊರೆತ ಇರೋದು ಮರದೊಳಗೆ ಹೂತ ಬೋಲ್ಟ್‌ನ ದಂಡಿನಲ್ಲಿ, ತಲೆಯಲ್ಲಲ್ಲ. ಪ್ಲೈವುಡ್ ಬಲಪಟ್ಟಿ ಮುಗಿಯುವ ಅಂಚಿಗೆ ಟಾರ್ಚ್ ಓರೆಯಾಗಿ ಹಿಡಿಯಿರಿ. ಒತ್ತಡದ ಬಿರುಕು ಮರದ ಎಳೆಗೆ ಅಡ್ಡವಾಗಿ ಕೂದಲೆಳೆಯ ನೆರಳಿನ ಹಾಗೆ ಕಾಣುತ್ತೆ, ನೇರ ಬೆಳಕಿನಲ್ಲಿ ಮಾಯ.

ರೂಟ್ ಬೋಲ್ಟ್‌ಗಳನ್ನು (ರೆಕ್ಕೆಯ ಬುಡವನ್ನು ವಿಮಾನದ ಒಡಲಿಗೆ ಸೇರಿಸುವವು) ನೋಡಲು ಇಬ್ಬರು ಬೇಕು. ಒಬ್ಬರು ರೆಕ್ಕೆಯ ತುದಿಯನ್ನು ಮೇಲೆ-ಕೆಳಗೆ, ಹಿಂದೆ-ಮುಂದೆ ಮೆಲ್ಲಗೆ ಆಡಿಸಲಿ, ಇನ್ನೊಬ್ಬರು ಜೋಡಣೆಯ ಮೇಲೆ ಬೆರಳಿಟ್ಟಿರಲಿ. ಟಿಕ್ ಅಂದರೆ ತೂತು ಸವೆದಿದೆ.

ಉತ್ತರ – ಫೋರ್ಕ್‌ಬೋಲ್ಟ್

ಸೇರಿಸೋದು ಬಿಟ್ಟಿದ್ದೆ: ಹಳೇ ಕಾಟರ್ ಪಿನ್ (ನಟ್ ಸಡಿಲವಾಗದಂತೆ ತಡೆಯುವ, ಮಡಚುವ ಪಿನ್) ಮತ್ತೆ ಬಳಸಬೇಡಿ. ಸ್ಟ್ರಟ್ ತಳದಲ್ಲಿ ‘ನೋ ಸ್ಟೆಪ್’ (ಇಲ್ಲಿ ಕಾಲಿಡಬೇಡಿ) ಬರಹ ಅಳಿಸಿದ್ದರೆ ಅದನ್ನೂ ಹೊಸದಾಗಿ ಬರೆಸಿ, ಏ.ಡಿ. ಅದನ್ನೂ ಕೇಳುತ್ತೆ.