ಲೆವಾಂಡೋವ್ಸ್ಕಿಯ ನಂತರವೂ ಪೋಲೆಂಡ್ ಫುಟ್‌ಬಾಲಿನ ಬಗ್ಗೆ ಭರವಸೆ ಇಟ್ಟುಕೊಳ್ಳಬಹುದೇ?

ಕಾರ್ನರ್ ಧ್ವಜ ಕೇಳಿದ ಪ್ರಶ್ನೆ:

ಪೋಲೆಂಡಿನ ಆಟವನ್ನು ತಪ್ಪದೆ ನೋಡುತ್ತಾ ಬಂದಿರುವ ನನಗೆ ಒಂದು ಸಂಗತಿ ಬಗೆಹರಿಯುತ್ತಿಲ್ಲ. 2024ರ ಯೂರೋ ಟೂರ್ನಿಯಿಂದ ಎಲ್ಲರಿಗಿಂತ ಮೊದಲು ಹೊರಬಿದ್ದದ್ದು ಈ ತಂಡ. ಅದೇ ನವೆಂಬರಿನಲ್ಲಿ ವಾರ್ಸಾದಲ್ಲಿ ಸ್ಕಾಟ್ಲೆಂಡಿಗೆ ಸೋತು ಯುರೋಪಿನ ರಾಷ್ಟ್ರೀಯ ತಂಡಗಳ ಟೂರ್ನಿಯಾದ ನೇಷನ್ಸ್ ಲೀಗಿನ ಮೇಲಿನ ದರ್ಜೆಯನ್ನೂ ಕಳೆದುಕೊಂಡಿತು. 2025ರ ಜೂನಿನಲ್ಲಂತೂ ಕೋಚ್ ಮಿಹಾವ್ ಪ್ರೊಬ್ಯೆಶ್ ಅವರು ನಾಯಕತ್ವವನ್ನು ತಂಡದ ಪ್ರಮುಖ ಗೋಲುಗಾರ ಲೆವಾಂಡೋವ್ಸ್ಕಿಯಿಂದ ತೆಗೆದು ಮಿಡ್‌ಫೀಲ್ಡರ್ ಝೆಲಿನ್ಸ್ಕಿಗೆ ಕೊಟ್ಟರು. ಈ ಕೋಚ್ ಇರುವವರೆಗೆ ತಾನು ದೇಶಕ್ಕಾಗಿ ಆಡುವುದಿಲ್ಲವೆಂದು ಲೆವಾಂಡೋವ್ಸ್ಕಿ ಹೇಳಿದರು, ಎರಡು ದಿನಗಳಲ್ಲಿ ತಂಡ ಹೆಲ್ಸಿಂಕಿಯಲ್ಲಿ ಫಿನ್ಲೆಂಡಿಗೆ 1–2ರಿಂದ ಸೋತಿತು, ಇನ್ನೆರಡು ದಿನಗಳಲ್ಲಿ ಕೋಚ್ ರಾಜೀನಾಮೆ ಕೊಟ್ಟರು.

ಆದರೆ ಜುಲೈಯಲ್ಲಿ ಯಾನ್ ಉರ್ಬಾನ್ ಬಂದ ಮೇಲೆ ಇದೇ ಆಟಗಾರರು ರಾಟರ್‌ಡ್ಯಾಮಿನಲ್ಲಿ ನೆದರ್ಲೆಂಡ್ಸ್ ವಿರುದ್ಧ 1–1ರ ಸಮಬಲ ಸಾಧಿಸಿ, ಮೂರೇ ದಿನಗಳಲ್ಲಿ ಫಿನ್ಲೆಂಡನ್ನು 3–1ರಿಂದ ಸೋಲಿಸಿ, ವಿಶ್ವಕಪ್ ಅರ್ಹತಾ ಗುಂಪಿನಲ್ಲಿ ಎರಡನೆಯ ಸ್ಥಾನ ಪಡೆದರು. ಇದು ನಿಜವಾದ ಚೇತರಿಕೆಯೇ, ಅಥವಾ ಕೋಚ್ ಬದಲಾದಾಗಲೆಲ್ಲ ಕಾಣುವ ನಾಲ್ಕು ದಿನದ ಉತ್ಸಾಹವೇ? ಲೆವಾಂಡೋವ್ಸ್ಕಿ ಹುಟ್ಟಿದ್ದು 1988ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡು ಉತ್ತರಿಸಬೇಕೆಂದು ಕೋರುತ್ತೇನೆ.

ಹಳೆಯ ಗ್ಯಾಲರಿ:

ನನ್ನ ಉತ್ತರ ತುಸು ನಿರಾಶೆಯದ್ದು. ಪೋಲೆಂಡಿನ ಅಭಿಮಾನಿಗಳು ಭವಿಷ್ಯದ ಮಾತೆತ್ತಿದಾಗಲೆಲ್ಲ 1974ಕ್ಕೆ ಹೋಗಿ ನಿಲ್ಲುತ್ತಾರೆ. 1973ರ ಅಕ್ಟೋಬರಿನಲ್ಲಿ ವೆಂಬ್ಲಿಯಲ್ಲಿ ಗೋಲ್‌ಕೀಪರ್ ಟೊಮಾಶೆವ್ಸ್ಕಿ ಗೋಡೆಯಂತೆ ನಿಂತು ಇಂಗ್ಲೆಂಡನ್ನು ವಿಶ್ವಕಪ್ಪಿನಿಂದ ಹೊರಗಿಟ್ಟದ್ದು, ಮರುವರ್ಷ ಲಾಟೊ 7 ಗೋಲು ಹೊಡೆದು ತಂಡ ಮೂರನೆಯ ಸ್ಥಾನ ಪಡೆದದ್ದು, 1982ರಲ್ಲಿ ಬೋನ್ಯೆಕ್ ಕಾಲದಲ್ಲಿ ಅದೇ ಸ್ಥಾನ ಮತ್ತೆ ಸಿಕ್ಕಿದ್ದು ಎಲ್ಲವೂ ನಿಜ. ಆದರೆ ಆ ಫಲ ಬೆಳೆದ ನೆಲ ಯಾವುದೆಂದು ಯಾರೂ ಕೇಳುವುದಿಲ್ಲ. ಕಮ್ಯುನಿಸ್ಟ್ ಸರ್ಕಾರ ಆಟಗಾರರನ್ನು ವಯಸ್ಸು ಸಾಕಷ್ಟು ಆಗುವವರೆಗೆ ಹೊರದೇಶಕ್ಕೆ ಬಿಡುತ್ತಿರಲಿಲ್ಲ. ಲಾಟೊ ಬೆಲ್ಜಿಯಂಗೆ ಹೋದದ್ದು 30ರ ವಯಸ್ಸಿನಲ್ಲಿ, ಅದೇ ತಂಡದ ಡೇಯ್ನಾ ಮ್ಯಾಂಚೆಸ್ಟರ್ ಸಿಟಿ ಸೇರಿದ್ದು 31ರಲ್ಲಿ. ಹೀಗಾಗಿ ವಿಮಾನ ಕಾರ್ಖಾನೆಯ ಊರಾದ ಮ್ಯೆಲೆಟ್ಸ್‌ನ ತಂಡದಲ್ಲಿ ಲಾಟೊನಂಥ ವಿಶ್ವದರ್ಜೆಯ ಆಟಗಾರರು ವರ್ಷಗಟ್ಟಲೆ ಜೊತೆಯಾಗಿ ಆಡುತ್ತಿದ್ದರು. ಹೆಸರೇ ‘ಗಣಿ ಕಾರ್ಮಿಕ’ ಎಂದಿರುವ ಗೂರ್ನಿಕ್ ಜಾಬ್ಜೆ 1970ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ಪಿನ ಫೈನಲ್ ತಲುಪಿತು. ಬಾಗಿಲು ಮುಚ್ಚಿದ್ದರಿಂದ ದೊರೆತ ಬಲ ಅದು. ಅಂಥ ಬಾಗಿಲು ಮತ್ತೆ ಮುಚ್ಚಬಾರದು, ಮುಚ್ಚುವುದೂ ಇಲ್ಲ. ಆದ್ದರಿಂದ ಆ ದಿನಗಳನ್ನು ಭರವಸೆಯ ಆಧಾರವಾಗಿ ಎತ್ತಿ ತೋರಿಸುವುದು ಸರಿಯಲ್ಲ.

ಇನ್ನೊಂದು ಮಾತು: ರಾಟರ್‌ಡ್ಯಾಮಿನಲ್ಲಿ 80ನೇ ನಿಮಿಷದಲ್ಲಿ ಸಮಬಲದ ಗೋಲು ಹೊಡೆದ ಮ್ಯಾಟಿ ಕ್ಯಾಶ್ ಇಂಗ್ಲೆಂಡಿನಲ್ಲಿ ಹುಟ್ಟಿ, ಅಲ್ಲಿಯೇ ಆಟ ಕಲಿತವರು. ತಂಡದ ಇನ್ನೊಬ್ಬ ಆಟಗಾರ ಝಲೆವ್ಸ್ಕಿ ಬೆಳೆದದ್ದು ಇಟಲಿಯಲ್ಲಿ. ಇಬ್ಬರ ಮೇಲೂ ನನಗೆ ಪ್ರೀತಿಯಿದೆ, ಆದರೆ ಅವರನ್ನು ಪೋಲೆಂಡಿನ ತರಬೇತಿ ವ್ಯವಸ್ಥೆಯ ಲೆಕ್ಕಕ್ಕೆ ಬರೆದುಕೊಳ್ಳಲಾಗದು.

ಎಡಗಾಲಿನವ:

ಹಳೆಯ ಗ್ಯಾಲರಿಯವರು ಇತಿಹಾಸದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅವರು ರಾಷ್ಟ್ರೀಯ ತಂಡವನ್ನಷ್ಟೇ ನೋಡುತ್ತಿದ್ದಾರೆ. ನನ್ನ ಕಣ್ಣು ಇರುವುದು ಕ್ಲಬ್‌ಗಳ ಮೇಲೆ. ಯುರೋಪಿನ ಕ್ಲಬ್‌ಗಳ ಮೂರನೆಯ ದರ್ಜೆಯ ಟೂರ್ನಿಯಾದ ಕಾನ್ಫರೆನ್ಸ್ ಲೀಗಿನಲ್ಲಿ 2024–25ರಲ್ಲಿ ಪೋಲೆಂಡಿನ ಲೆಗಿಯಾ ವಾರ್ಸಾ ಮತ್ತು ಯಾಗೆಲ್ಲೋನಿಯಾ ಎರಡೂ ಕ್ವಾರ್ಟರ್ ಫೈನಲ್ ತಲುಪಿದವು. ಲೆಗಿಯಾ ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ ಹೊರಬಿದ್ದರೂ ಚೆಲ್ಸಿಯನ್ನು ಅದರದೇ ಮೈದಾನದಲ್ಲಿ 2–1ರಿಂದ ಸೋಲಿಸಿ ಬಂದಿತು. ಮರು ಋತುವಿನಲ್ಲಿ ಲೆಗಿಯಾ, ಲೆಹ್, ಯಾಗೆಲ್ಲೋನಿಯಾ, ರಾಕೂವ್ ಹೀಗೆ ನಾಲ್ಕು ತಂಡಗಳು ಅದೇ ಟೂರ್ನಿಯ ಲೀಗ್ ಹಂತದಲ್ಲಿದ್ದವು.

ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ದೇಶಗಳ ಶ್ರೇಯಾಂಕಕ್ಕೆ ಲೆಕ್ಕ ಹಾಕುವ ಕ್ರಮ ಗೊತ್ತಿದ್ದರೆ ಇದರ ತೂಕ ತಿಳಿಯುತ್ತದೆ. ಒಂದು ದೇಶದ ಕ್ಲಬ್‌ಗಳು ಒಂದು ಋತುವಿನಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ, ಆ ಕ್ಲಬ್‌ಗಳ ಸಂಖ್ಯೆಯಿಂದ ಭಾಗಿಸಿ, ಹಾಗೆ ಬಂದ ಐದು ಋತುಗಳ ಮೊತ್ತವನ್ನು ಶ್ರೇಯಾಂಕಕ್ಕೆ ಹಿಡಿಯುತ್ತಾರೆ. ಒಂದು ತಂಡ ಮೊದಲ ಸುತ್ತಿನಲ್ಲೇ ಮುಗ್ಗರಿಸಿದರೆ ಉಳಿದವರ ಗಳಿಕೆಯೂ ತೆಳುವಾಗುತ್ತದೆ. ಪೋಲೆಂಡ್ ಆ ಪಟ್ಟಿಯಲ್ಲಿ 15ನೇ ಸ್ಥಾನಕ್ಕೇರಿದ್ದರಿಂದ 2026–27ರಲ್ಲಿ ಅದರ ಎರಡು ಕ್ಲಬ್‌ಗಳಿಗೆ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನ ಬಾಗಿಲು ತೆರೆಯಿತು.

ಆಕ್ಷೇಪ ಏನು ಬರುತ್ತದೆಂದು ಬಲ್ಲೆ: ಯಾಗೆಲ್ಲೋನಿಯಾ ಪರ ಗೋಲು ಹೊಡೆಯುತ್ತಿದ್ದವರು ವಿದೇಶಿಯರಾದ ಪುಲುಲು ಮತ್ತು ಇಮಾಸ್, ಲೆಹ್‌ನ ನಾಯಕ ಸ್ವೀಡನ್ನಿನ ಇಶಾಕ್. ಇದು ನಿಜವಾದ ತೊಡಕೇ. ಪೋಲೆಂಡಿನ ಲೀಗಿನಲ್ಲಿ ಪ್ರತಿ ತಂಡ ಒಬ್ಬ ಕಿರಿಯ ಪೋಲಿಷ್ ಆಟಗಾರನನ್ನು ಆಡಿಸಲೇಬೇಕೆಂಬ ನಿಯಮವನ್ನು 2019–20ರಲ್ಲಿ ತಂದರು. ಆಮೇಲೆ ಅದನ್ನು ಒಟ್ಟು ನಿಮಿಷಗಳ ಲೆಕ್ಕಕ್ಕೆ ಬದಲಾಯಿಸಿದರು. ನನ್ನ ದೃಷ್ಟಿಯಲ್ಲಿ, ನಿಯಮದ ಒತ್ತಾಯಕ್ಕೆ ಮೈದಾನಕ್ಕಿಳಿದ ಹುಡುಗನಿಗೂ ಕೋಚ್ ನಂಬಿ ಇಳಿಸಿದ ಹುಡುಗನಿಗೂ ಅಜಗಜಾಂತರವಿದೆ. 2008ರಲ್ಲಿ ಹುಟ್ಟಿದ ಪ್ಯೆತುಶೆವ್ಸ್ಕಿಯನ್ನು ಯಾಗೆಲ್ಲೋನಿಯಾ ಆಡಿಸಿದ್ದು ಆತ ಚೆನ್ನಾಗಿ ಆಡುತ್ತಾನೆಂಬ ಕಾರಣಕ್ಕೆ.

2025ರ ನವೆಂಬರಿನಲ್ಲಿ ವಾರ್ಸಾದ ಪಂದ್ಯದಲ್ಲಿ ವಿರಾಮಕ್ಕೆ ತುಸು ಮುಂಚೆ ಬಿದ್ದ ಗೋಲನ್ನು ಇನ್ನೊಮ್ಮೆ ನೋಡಿ. ಲೆವಾಂಡೋವ್ಸ್ಕಿ ತಾನು ಹೊಡೆಯದೆ ಚೆಂಡನ್ನು ಮುಂದಕ್ಕೆ ಬಿಟ್ಟುಕೊಟ್ಟರು, ಓಡಿಬಂದು ಗುರಿ ಮುಟ್ಟಿಸಿದವರು ಲೆಹ್ ಅಕಾಡೆಮಿಯಲ್ಲಿ ಬೆಳೆದ ಯಾಕೂಬ್ ಕಮಿನ್ಸ್ಕಿ. ಎದುರಿಗಿದ್ದದ್ದು ನೆದರ್ಲೆಂಡ್ಸ್.

ಸೈಡ್‌ಲೈನ್:

ಎಲ್ಲರೂ ಪುರುಷರ ತಂಡದ ಬಗ್ಗೆಯೇ ಬರೆದಿದ್ದೀರಿ. ಪೋಲೆಂಡಿನ ಮಹಿಳಾ ತಂಡ 2025ರಲ್ಲಿ ಮೊತ್ತಮೊದಲ ಬಾರಿಗೆ ಯೂರೋ ಟೂರ್ನಿಗೆ ಬಂದು, ಡೆನ್ಮಾರ್ಕನ್ನು 3–2ರಿಂದ ಸೋಲಿಸಿತು. ಬಾರ್ಸಿಲೋನಾ ಪರ ಆಡುವ ಎವಾ ಪಯೋರ್ ಅದರಲ್ಲಿ ಒಂದು ಗೋಲು ಹೊಡೆದರು. ಮೊದಲೆರಡು ಪಂದ್ಯಗಳನ್ನು ಸೋತು ದಾರಿ ಮುಚ್ಚಿದ ಮೇಲೂ ಹಾಗೆ ಆಡಿದ ತಂಡವನ್ನು ಈ ಚರ್ಚೆಯಿಂದ ಬಿಡುವುದು ನ್ಯಾಯವಲ್ಲ.

ಕಾರ್ನರ್ ಧ್ವಜ:

ಮೂವರಿಗೂ ಧನ್ಯವಾದಗಳು. ‘ಮುಂದಿನ ಲೆವಾಂಡೋವ್ಸ್ಕಿ ಯಾರು’ ಎಂಬ ಪ್ರಶ್ನೆಯನ್ನೇ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಅದು ತಪ್ಪು ಪ್ರಶ್ನೆಯೆಂದು ಈಗ ಅನ್ನಿಸುತ್ತಿದೆ. ಆದರೂ ಎಡಗಾಲಿನವರಲ್ಲಿ ಒಂದು ವಿನಂತಿ: 2012ರ ಯೂರೋ ಸಮಯದಲ್ಲಿ ಸರ್ಕಾರ ‘ಓರ್ಲಿಕ್’ ಎಂಬ ಹೆಸರಿನಲ್ಲಿ ದೇಶದ ತುಂಬ 2,600ರಷ್ಟು ಸಣ್ಣ ಮೈದಾನಗಳನ್ನು ಕಟ್ಟಿಸಿತಲ್ಲ, ಆಗ ಅಲ್ಲಿ ಆಡಲು ಶುರುಮಾಡಿದ ಆರೇಳು ವರ್ಷದ ಮಕ್ಕಳು ಈಗ ಇಪ್ಪತ್ತರ ಆಸುಪಾಸಿನಲ್ಲಿರಬೇಕು. ಅವರಲ್ಲಿ ಎಷ್ಟು ಮಂದಿ ಲೀಗಿನವರೆಗೆ ಬಂದಿದ್ದಾರೆಂಬುದರ ಬಗ್ಗೆ ನೀವು ಪ್ರತ್ಯೇಕವಾಗಿ ಬರೆದರೆ ಅಲ್ಲಿ ಚರ್ಚೆ ಮುಂದುವರಿಸೋಣ.